ಓದಿದ ಕಥೆ, ನೋಡಿದ ಕಥೆ

(ಮಲ್ಲೇಶ್ವರದ ಸಂಪಿಗೆ ರಸ್ತೆಯ ಓದುಗರ ಮುಂದೆ ಮಂಡಿಸಿದ ಉಪನ್ಯಾಸದ ಬರಹರೂಪ)



‘ಸಿನಿಮಾ ಪರವಾಗಿಲ್ಲ, ಆದರೆ ಕಾದಂಬರಿಯ ಮುಂದೆ ಏನೂ ಅಲ್ಲ.’ ಕಾದಂಬರಿ ಆಧಾರಿತ ಕನ್ನಡ ಚಿತ್ರವೊಂದು ತೆರೆ ಕಂಡಾಗಲೆಲ್ಲ ಚಿತ್ರಮಂದಿರದ ಬಾಗಿಲಲ್ಲಿ ಕೇಳಿಬರುವ ಮಾತು ಇದು. ಸಂಪಿಗೆ ರಸ್ತೆಯಂಥ ಕಡೆ ಈ ಮಾತಿಗೆ ಇನ್ನೂ ತೂಕ ಹೆಚ್ಚು. 1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಯಲ್ಲಿ ಓದುವವರೂ ಇದ್ದರು, ನೋಡುವವರೂ ಇದ್ದರು. ಅನೇಕ ಮನೆಗಳಲ್ಲಿ ಇಬ್ಬರೂ ಒಬ್ಬರೇ. ವಾರಪತ್ರಿಕೆಯ ಧಾರಾವಾಹಿಯನ್ನು ಕಂತು ಕಂತಾಗಿ ಓದಿದವರೇ ಅದು ಚಿತ್ರವಾದಾಗ ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ರಸ್ತೆಯ ಹೆಸರನ್ನೇ ಹೊತ್ತ ‘ಸಂಪಿಗೆ’ ಚಿತ್ರಮಂದಿರದ ನೆನಪು ಇಲ್ಲಿಯ ಹಳಬರಿಗೆಲ್ಲ ಇದೆ. ಹಳೆಯ ಗಿರಣಿಯ ಜಾಗದಲ್ಲಿ 2010ರಲ್ಲಿ ಮಾಲ್ ಬಂತು, 2014ರಲ್ಲಿ ಮೆಟ್ರೊ ನಿಲ್ದಾಣ ಬಂತು. ಚಿತ್ರ ನೋಡುವ ರೀತಿ ಬದಲಾಯಿತು. ಆ ಹಳೆಯ ಮಾತು ಮಾತ್ರ ಬದಲಾಗಲಿಲ್ಲ.

ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು? ಕಾದಂಬರಿಯನ್ನು ಅಳೆಯುವ ಸೇರಿನಿಂದಲೇ ಚಿತ್ರವನ್ನೂ ಅಳೆಯಬಹುದೇ? ಕಥೆ ಕೈ ಬದಲಾಯಿಸಿದಾಗ ಯಾರು ಏನನ್ನು ಕಳೆದುಕೊಳ್ಳುತ್ತಾರೆ, ಯಾರಿಗೆ ಏನು ದಕ್ಕುತ್ತದೆ? ಇದಕ್ಕೆ ಉತ್ತರ ಹುಡುಕಲು ಹೊರನಾಡಿನ ಉದಾಹರಣೆಗಳೇ ಬೇಕಾಗಿಲ್ಲ. ಕಳೆದ ಅರವತ್ತು ವರ್ಷಗಳ ಕನ್ನಡ ಚಿತ್ರರಂಗದಲ್ಲಿಯೇ ಅವು ಧಾರಾಳವಾಗಿ ಸಿಗುತ್ತವೆ.

ಕಾದಂಬರಿ ತೆರೆಗೆ ಬಂದ ಬಗೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಿಡುಗಡೆಯಾದದ್ದು 1934ರಲ್ಲಿ. ಅಲ್ಲಿಂದ ಸುಮಾರು ಮೂರು ದಶಕಗಳ ಕಾಲ ನಮ್ಮ ಚಿತ್ರಗಳಿಗೆ ಕಥೆ ಒದಗಿಸಿದ್ದು ಹೆಚ್ಚಾಗಿ ಪುರಾಣ, ಜಾನಪದ ಮತ್ತು ವೃತ್ತಿ ನಾಟಕ ಕಂಪನಿಗಳು. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ ಕಾದಂಬರಿಯನ್ನು ಆಧರಿಸಿ 1962ರಲ್ಲಿ ಬಂದ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವನ್ನು ಕನ್ನಡದ ಮೊದಲ ಕಾದಂಬರಿ ಆಧಾರಿತ ಚಿತ್ರವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. 1964ರಲ್ಲಿ ತ.ರಾ. ಸುಬ್ಬರಾಯರ ‘ಚಂದವಳ್ಳಿಯ ತೋಟ’, 1966ರಲ್ಲಿ ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ತೆರೆಗೆ ಬಂದವು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಭಾರತೀಸುತ, ಟಿ.ಕೆ. ರಾಮರಾವ್ ಇವರೆಲ್ಲರ ಹೆಸರು ಒಂದೊಂದಾಗಿ ಚಿತ್ರದ ಶೀರ್ಷಿಕೆಪಟ್ಟಿಯಲ್ಲಿ ಕಾಣಿಸಿಕೊಳ್ಳತೊಡಗಿದವು.

ನಿರ್ಮಾಪಕರಿಗೆ ಇದರಲ್ಲಿ ಲೆಕ್ಕಾಚಾರವೂ ಇತ್ತು. ಜನಪ್ರಿಯ ಕಾದಂಬರಿಗೆ ಪ್ರೇಕ್ಷಕರು ಮೊದಲೇ ಸಿದ್ಧರಾಗಿರುತ್ತಾರೆ. ಕಥೆಯ ಕಟ್ಟು ಬಿಗಿಯಾಗಿರುತ್ತದೆ, ಪಾತ್ರಗಳು ಪರಿಚಿತವಾಗಿರುತ್ತವೆ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ (1972) ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿದ್ದು ಈ ಲೆಕ್ಕಾಚಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ.

ಮುನ್ನೂರು ಪುಟ, ಎರಡೂವರೆ ಗಂಟೆ

ಮುನ್ನೂರು ಪುಟದ ಕಾದಂಬರಿಯನ್ನು ನಿಧಾನವಾಗಿ ಓದುವವರಿಗೆ ಏಳೆಂಟು ಗಂಟೆಯಾದರೂ ಬೇಕು. ಚಿತ್ರಕ್ಕೆ ಸಿಗುವುದು ಎರಡು, ಎರಡೂವರೆ ಗಂಟೆ. ಅದರಲ್ಲಿ ನಾಲ್ಕೈದು ಹಾಡುಗಳಿಗೆ ಜಾಗ ಬಿಡಬೇಕು. ಹಾಗಾಗಿ ಕಾದಂಬರಿಯನ್ನು ‘ಯಥಾವತ್ತಾಗಿ’ ತೆರೆಗೆ ತರುವುದು ಸಾಧ್ಯವೇ ಇಲ್ಲದ ಮಾತು. ನಿರ್ದೇಶಕ ಆರಿಸಿಕೊಳ್ಳಲೇಬೇಕು. ಏನನ್ನು ಉಳಿಸಿಕೊಂಡ, ಏನನ್ನು ಬಿಟ್ಟ ಎಂಬುದರಲ್ಲೇ ಆತನ ಓದು ಬಯಲಾಗುತ್ತದೆ.

ಈ ಆಯ್ಕೆಯ ಕಷ್ಟಕ್ಕೆ ‘ನಾಗರಹಾವು’ ಚಿತ್ರಕ್ಕಿಂತ ದೊಡ್ಡ ನಿದರ್ಶನ ಕನ್ನಡದಲ್ಲಿ ಸಿಗಲಾರದು. 1972ರ ಕೊನೆಯಲ್ಲಿ ತೆರೆ ಕಂಡ ಪುಟ್ಟಣ್ಣ ಕಣಗಾಲರ ಈ ಚಿತ್ರ ತ.ರಾ.ಸು. ಅವರ ಒಂದು ಕಾದಂಬರಿಯನ್ನಲ್ಲ, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಟ್ಟಿಗೆ ತೆಗೆದುಕೊಂಡಿತು. ಮೂರು ಪುಸ್ತಕಗಳ ಉದ್ದಕ್ಕೂ ಹರಡಿದ್ದ ರಾಮಾಚಾರಿಯ ಬದುಕು ಒಂದೇ ಚಿತ್ರದೊಳಗೆ ಮಡಚಿಕೊಳ್ಳಬೇಕಾಯಿತು. ಪುಟ್ಟಣ್ಣ ಈ ಹರಹನ್ನು ಹಿಡಿದಿಡಲು ಒಂದು ಗೂಟ ಹುಡುಕಿಕೊಂಡರು. ಅದು ಗುರು ಶಿಷ್ಯರ ಸಂಬಂಧ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಮಾರ್ಗರೇಟಳ ವಿಷಯ ಬಂದಾಗ ಅದೇ ಗುರುವಿಗೆ ಎದುರು ನಿಲ್ಲುತ್ತಾನೆ. ಚಿತ್ರ ಚಿತ್ರದುರ್ಗದ ಬೆಟ್ಟದ ಮೇಲೆ ದುರಂತದಲ್ಲಿ ಮುಗಿಯುತ್ತದೆ.

ಚಿತ್ರ ಅಪಾರ ಯಶಸ್ಸು ಕಂಡಿತು. ವಿಷ್ಣುವರ್ಧನ್ ನಾಯಕರಾದರು, ಜಲೀಲನ ಪಾತ್ರದಲ್ಲಿ ಅಂಬರೀಶ್ ಪರಿಚಯವಾದರು. ಆದರೆ ಮೂಲ ಲೇಖಕರಿಗೆ ಸಮಾಧಾನವಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ಹೇಳಿದರೆಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ದಾಟುತ್ತಲೇ ಇದೆ.

ಈ ಮಾತನ್ನು ಕೇವಲ ಲೇಖಕನ ಮುನಿಸೆಂದು ತಳ್ಳಿಹಾಕುವಂತಿಲ್ಲ. ಕಾದಂಬರಿಯ ಓದುಗ ರಾಮಾಚಾರಿಯ ಸಿಟ್ಟಿನ ಒಳಗೆ ಕುಳಿತು ಜಗತ್ತನ್ನು ನೋಡಬಲ್ಲ. ಆ ವಿಷ ಎಲ್ಲಿ, ಹೇಗೆ ಕೂಡಿಕೊಂಡಿತೆಂದು ಪುಟಗಳ ಉದ್ದಕ್ಕೂ ಬಲ್ಲ. ಚಿತ್ರದ ಪ್ರೇಕ್ಷಕ ರಾಮಾಚಾರಿಯನ್ನು ಹೊರಗಿನಿಂದ ನೋಡಿ ಮೆಚ್ಚುತ್ತಾನೆ, ಮರುಗುತ್ತಾನೆ. ನಾಯಕನೆಂದ ಮೇಲೆ ಅವನು ಪ್ರೀತಿಗೆ ಪಾತ್ರನಾಗಲೇಬೇಕೆಂಬುದು ಜನಪ್ರಿಯ ಚಿತ್ರದ ಒಳ ನಿಯಮ. ಆ ನಿಯಮಕ್ಕೆ ಒಳಪಟ್ಟಾಗ ವಿಷದ ತೀಕ್ಷ್ಣತೆ ಕಡಿಮೆಯಾಗುವುದು ಸಹಜ. ಆದರೆ ಇನ್ನೊಂದು ಮಗ್ಗುಲೂ ಇದೆ. ಇವತ್ತು ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಓದುಗನಿಗೂ ಚಾಮಯ್ಯ ಮೇಷ್ಟ್ರೆಂದರೆ ಕಣ್ಣಮುಂದೆ ಬರುವುದು ಕೆ.ಎಸ್. ಅಶ್ವಥ್ ಅವರ ಮುಖವೇ. ಓಬವ್ವನೆಂದರೆ ಅನೇಕರಿಗೆ ಜಯಂತಿಯವರೇ. ಚಿತ್ರ ಕಾದಂಬರಿಯಿಂದ ಸಾಲ ಪಡೆದದ್ದಷ್ಟೇ ಅಲ್ಲ, ಹಿಂದಕ್ಕೆ ಹೋಗಿ ಕಾದಂಬರಿಯ ಓದನ್ನೂ ತಿದ್ದಿಬಿಟ್ಟಿತು. ಓದುಗ ತನ್ನದೇ ಚಾಮಯ್ಯನನ್ನು ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಒಂದೇ ಕಾದಂಬರಿ ಎರಡು ಕೈಗಳಲ್ಲಿ ಎರಡು ರೂಪ ತಾಳುವುದಕ್ಕೂ ತ.ರಾ.ಸು. ಅವರದೇ ಕೃತಿ ಸಾಕ್ಷಿ. ಅವರ ‘ಹಂಸಗೀತೆ’ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆಯಿತು. ಶಂಕರ್ ಜೈಕಿಶನ್ ಅವರ ಸಂಗೀತ, ಹಾಡು, ಪ್ರಣಯ ಅಲ್ಲಿ ಮುಂದೆ ಬಂದವು. ಹತ್ತೊಂಬತ್ತು ವರ್ಷಗಳ ನಂತರ, 1975ರಲ್ಲಿ, ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕನ್ನಡದಲ್ಲಿ ತೆರೆಗೆ ತಂದರು. ಅನಂತನಾಗ್ ಅವರ ಭೈರವಿ ವೆಂಕಟಸುಬ್ಬಯ್ಯ ಕಲೆಗಾಗಿ ಬದುಕನ್ನೇ ಒತ್ತೆಯಿಟ್ಟ ಹಟಮಾರಿ ಗಾಯಕ. ಬಾಲಮುರಳಿಕೃಷ್ಣರಿಗೆ ಆ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಸಂಗೀತದ ಚಿತ್ರಗಳೇ. ಆದರೆ ಒಂದಕ್ಕೆ ಸಂಗೀತ ಅಲಂಕಾರ, ಇನ್ನೊಂದಕ್ಕೆ ಅದೇ ವಸ್ತು.

ಆಕ್ಷೇಪಿಸಲು ಉಳಿಯದ ಲೇಖಕಿ

ತ.ರಾ.ಸು. ಚಿತ್ರ ನೋಡಿ ತಮ್ಮ ಅಸಮಾಧಾನ ಹೇಳಿಕೊಳ್ಳಬಲ್ಲವರಾಗಿದ್ದರು. ಆ ಅವಕಾಶವೇ ಇಲ್ಲದ ಲೇಖಕಿಯ ಕಥೆ ಬೇರೆ. ತ್ರಿವೇಣಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ‘ಬೆಳ್ಳಿಮೋಡ’ ಕಾದಂಬರಿ ಪುಟ್ಟಣ್ಣನವರ ಕನ್ನಡದ ಮೊದಲ ನಿರ್ದೇಶನದ ಚಿತ್ರವಾಗಿ ಬಂದದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ಎರಡನ್ನೂ ಲೇಖಕಿ ನೋಡಲಿಲ್ಲ.

ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಹೆಂಗಸನ್ನು ಮನೆ ಮತ್ತು ಸಮಾಜ ಮತ್ತೆ ಒಳಕ್ಕೆ ಬಿಟ್ಟುಕೊಳ್ಳುತ್ತವೆಯೇ ಎಂಬುದು ‘ಶರಪಂಜರ’ದ ಪ್ರಶ್ನೆ. ಆಸ್ಪತ್ರೆಯ ಹೆಸರೆತ್ತಲೂ ಮನೆಮಂದಿ ಹಿಂಜರಿಯುತ್ತಿದ್ದ ಕಾಲದಲ್ಲಿ ಇದನ್ನು ಕಾದಂಬರಿ ಮಾಡಿದ ಧೈರ್ಯ ತ್ರಿವೇಣಿಯವರದು. ಅವರ ಗದ್ಯ ದನಿ ಎತ್ತುವುದಿಲ್ಲ. ಗಂಡನ ಒಂದು ಮೌನ, ನೆರೆಯವರ ಒಂದು ನೋಟ, ಅಡುಗೆಮನೆಯಲ್ಲಿ ನಿಂತುಹೋದ ಒಂದು ಮಾತು, ಇಂಥ ಸಣ್ಣ ಸಣ್ಣ ಬಾಣಗಳಿಂದಲೇ ಪಂಜರ ಕಟ್ಟಿಕೊಳ್ಳುತ್ತದೆ.

ಚಿತ್ರಕ್ಕೆ ಇಷ್ಟು ಮೆಲುದನಿ ಸಾಲದು. ದೊಡ್ಡ ತೆರೆಯ ಎದುರು ಕುಳಿತ ನೂರಾರು ಜನರಿಗೆ ಕಾವೇರಿಯ ಒಳಗಿನ ಬಿರುಕು ಕಾಣಬೇಕಾದರೆ ನಟಿಯ ಕಣ್ಣು, ಕೊರಳು, ನಗು, ಅಳು ಎಲ್ಲವೂ ಕೆಲಸ ಮಾಡಬೇಕು. ಕಲ್ಪನಾ ಅದನ್ನು ತಮ್ಮ ಸಾಮರ್ಥ್ಯದ ತುದಿಯವರೆಗೆ ಮಾಡಿದರು. ಇದನ್ನು ಅತಿಯಾಯಿತೆಂದವರೂ ಇದ್ದಾರೆ. ಆದರೆ ಮರೆಯಬಾರದ ಸಂಗತಿ ಒಂದಿದೆ. ‘ಬೆಳ್ಳಿಮೋಡ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969), ‘ಶರಪಂಜರ’ ಇವು ಮೂರೂ ಹೆಣ್ಣು ಬರೆದ ಕಥೆಗಳು. ಮೂರರಲ್ಲೂ ಕೇಂದ್ರದಲ್ಲಿರುವುದು ಹೆಣ್ಣೇ. ಕನ್ನಡದ ಜನಪ್ರಿಯ ಚಿತ್ರರಂಗದಲ್ಲಿ ನಾಯಕಿಯ ಹೆಸರಿನ ಮೇಲೆ ಚಿತ್ರ ಓಡಬಲ್ಲದು ಎಂಬ ಸ್ಥಿತಿ ಬಂದದ್ದರಲ್ಲಿ ಈ ಕಾದಂಬರಿಗಳ ಪಾಲು ದೊಡ್ಡದು. ಚಿತ್ರ ಕಾದಂಬರಿಯ ದನಿಯನ್ನು ಬದಲಿಸಿತು ನಿಜ; ಕಾದಂಬರಿ ಚಿತ್ರರಂಗದ ದನಿಯನ್ನೂ ಬದಲಿಸಿತು.

ಇದೇ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮಹಿಳಾ ನಿರ್ದೇಶಕಿಯ ಕೈಗೆ ಬಂದಾಗ ಏನಾಯಿತೆಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಬಾಲ್ಯದಲ್ಲೇ ವಿಧವೆಯಾಗಿ ನೂರು ವರ್ಷಕ್ಕೂ ಮೀರಿ ಬದುಕಿದ, ಲೇಖಕಿಯ ಬಂಧುವರ್ಗದಲ್ಲೇ ಇದ್ದ ಹೆಂಗಸೊಬ್ಬರ ಜೀವನ ಇದಕ್ಕೆ ಆಧಾರ. ಪ್ರೇಮಾ ಕಾರಂತರು 1983ರಲ್ಲಿ ಎಲ್.ವಿ. ಶಾರದಾ ಅವರನ್ನು ಫಣಿಯಮ್ಮನ ಪಾತ್ರದಲ್ಲಿಟ್ಟು ಚಿತ್ರ ಮಾಡಿದರು. ಕಾದಂಬರಿಗೆ ಮನೆಯ ಹಿರಿಯರು ಹೇಳಿದ ನೆನಪಿನ ಓಟವಿದೆ. ಒಂದು ಪ್ರಸಂಗ ಇನ್ನೊಂದನ್ನು ಎಳೆದು ತರುತ್ತದೆ. ಚಿತ್ರ ಆ ನೆನಪಿನ ಬುಟ್ಟಿಯಿಂದ ಕೆಲವನ್ನಷ್ಟೇ ಎತ್ತಿಕೊಂಡಿತು. ತಾನು ಒಪ್ಪಿ ಅನುಭವಿಸಿದ ಶಿಕ್ಷೆಯನ್ನು ಮುಂದಿನ ತಲೆಮಾರಿನ ತರುಣಿ ಒಪ್ಪದಿದ್ದಾಗ ಫಣಿಯಮ್ಮ ಆಕೆಯ ಪರ ನಿಲ್ಲುವುದೇ ಚಿತ್ರದ ಬೆನ್ನೆಲುಬಾಯಿತು. ಇಲ್ಲಿ ದನಿ ಎತ್ತರಿಸುವ ಅಗತ್ಯ ಬೀಳಲಿಲ್ಲ. ಬೋಳು ತಲೆ, ಕೆಂಪು ಸೀರೆ, ಮೌನವಾಗಿ ಕೆಲಸ ಮಾಡುವ ಎರಡು ಕೈ, ಇಷ್ಟೇ ಸಾಕಾಯಿತು.

ಒಳಗಿನ ಮಾತು, ಹೊರಗಿನ ಮುಖ

ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಹುಡುಕಹೊರಟ ಪ್ರಾಣೇಶಾಚಾರ್ಯರು ತಾವೇ ಪ್ರಶ್ನೆಯಾಗುತ್ತಾರೆ. ಪ್ಲೇಗಿನ ಭಯ, ಸತ್ತುಬೀಳುವ ಇಲಿಗಳು, ಮನೆಯ ಮಾಡಿನ ಮೇಲೆ ಬಂದು ಕೂರುವ ಹದ್ದುಗಳು ಕಾದಂಬರಿಯನ್ನು ಸುತ್ತುವರಿದಿವೆ. ಪ್ಲೇಗಿನಿಂದಾಗಿಯೇ ಬೆಳೆದ ಮಲ್ಲೇಶ್ವರದಂಥ ಬಡಾವಣೆಯ ಹಿರಿಯರಿಗೆ ಈ ಭಯದ ನೆನಪು ಮನೆಮಾತಾಗಿಯೇ ಬಂದದ್ದು.

ಪಟ್ಟಾಭಿರಾಮ ರೆಡ್ಡಿ ಇದನ್ನು 1970ರಲ್ಲಿ ಚಿತ್ರವಾಗಿಸಿದರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಆಸ್ಟ್ರೇಲಿಯದ ಟಾಮ್ ಕೋವನ್ ಛಾಯಾಗ್ರಾಹಕರು. ಕಾದಂಬರಿಯ ಉತ್ತರಾರ್ಧದ ಬಹುಭಾಗ ಆಚಾರ್ಯರ ತಲೆಯೊಳಗೇ ನಡೆಯುತ್ತದೆ. ಕ್ಯಾಮರಾಕ್ಕೆ ತಲೆಯೊಳಗೆ ಇಳಿಯುವ ದಾರಿಯಿಲ್ಲ. ಅದಕ್ಕೆ ಕಾಣುವುದು ಮುಖ, ನಡಿಗೆ, ನೆರಳು, ದಾರಿ. ಪುಟಗಟ್ಟಲೆ ಬರುವ ಆತ್ಮಶೋಧನೆಯ ಜಾಗದಲ್ಲಿ ಚಿತ್ರ ನೋಟವನ್ನಿಡಬೇಕಾಯಿತು. ಆಚಾರ್ಯರ ಒಳಜಗಳ ಅಷ್ಟಕ್ಕೆ ಸಪ್ಪೆಯಾಯಿತೆಂದು ಓದುಗ ದೂರಬಹುದು. ಆದರೆ ಅನಾಥವಾಗಿ ಬಿದ್ದ ಹೆಣ, ಹಸಿದ ಬ್ರಾಹ್ಮಣರು, ಬಿಕೋ ಎನ್ನುವ ಅಗ್ರಹಾರದ ಬೀದಿ ಕಪ್ಪು ಬಿಳುಪಿನ ಚಿತ್ರಿಕೆಯಲ್ಲಿ ಪಡೆದ ಬಲ ಕಡಿಮೆಯದಲ್ಲ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಚಿತ್ರದ ಹೊರಗೆ ನಡೆಯಿತು. ಕಾದಂಬರಿ ಐದು ವರ್ಷಗಳಿಂದ ಅಂಗಡಿಯಲ್ಲಿತ್ತು. ಅದರ ವಿರುದ್ಧ ಟೀಕೆಗಳು ಬಂದಿದ್ದವು, ವಾದಗಳಾಗಿದ್ದವು, ಆದರೆ ಪುಸ್ತಕ ಓದುಗರ ಕೈಯಲ್ಲೇ ಉಳಿದಿತ್ತು. ಅದೇ ಕಥೆ ಚಿತ್ರವಾದ ಕೂಡಲೇ ಮದರಾಸಿನ ಸೆನ್ಸಾರ್ ಮಂಡಳಿ ಪ್ರದರ್ಶನಕ್ಕೆ ತಡೆಯೊಡ್ಡಿತು. ಆ ತಡೆ ಕೇಂದ್ರದಲ್ಲಿ ತೆರವಾದ ಮೇಲೆ ಅದೇ ಚಿತ್ರಕ್ಕೆ ಆ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿ ಸ್ವರ್ಣಪದಕ ಬಂತು. ಕನ್ನಡಕ್ಕೆ ಅದು ಮೊದಲ ಸ್ವರ್ಣಪದಕ.

ಅಕ್ಷರದಲ್ಲಿದ್ದಾಗ ಸಹಿಸಬಹುದಾದ ಕಥೆ ತೆರೆಯಲ್ಲಿ ಅಪಾಯಕಾರಿ ಎನಿಸಿದ್ದೇಕೆ? ಕಾದಂಬರಿಯನ್ನು ಓದುಗ ಒಬ್ಬನೇ, ಮನೆಯಲ್ಲಿ, ತನ್ನ ವೇಗದಲ್ಲಿ ಓದುತ್ತಾನೆ. ಬೇಡವೆನಿಸಿದರೆ ಮುಚ್ಚಿಡುತ್ತಾನೆ. ಚಿತ್ರವನ್ನು ಸಾವಿರ ಜನ ಕತ್ತಲಲ್ಲಿ ಒಟ್ಟಿಗೆ ನೋಡುತ್ತಾರೆ. ಜಾತಿ, ಮತ, ವಿದ್ಯೆಯ ಭೇದವಿಲ್ಲದೆ ನೋಡುತ್ತಾರೆ. ಒಬ್ಬರ ನಗು ಇನ್ನೊಬ್ಬರಿಗೆ ಕೇಳಿಸುತ್ತದೆ. ಆದ್ದರಿಂದಲೇ ಅಧಿಕಾರಕ್ಕೆ ಪುಸ್ತಕಕ್ಕಿಂತ ಚಿತ್ರದ ಭಯ ಹೆಚ್ಚು. ಕಾದಂಬರಿ ಚಿತ್ರಗಳ ತುಲನೆ ಮಾಡುವವರು ಎಷ್ಟೋ ಸಲ ಈ ಅಂಶವನ್ನೇ ಮರೆಯುತ್ತಾರೆ.

ದುಡಿಯ ಸದ್ದು

ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕೃತಿ. ಸ್ವಂತ ನೆಲ ಉಳಬೇಕೆಂಬ ಒಂದೇ ಆಸೆಯ ಚೋಮ. ಅಸ್ಪೃಶ್ಯನೆಂಬ ಕಾರಣಕ್ಕೆ ಅದು ಅವನಿಗೆ ದಕ್ಕುವುದಿಲ್ಲ. ಸಾಲ, ಕಾಫಿ ತೋಟದ ದುಡಿಮೆ, ಜ್ವರ, ಮಕ್ಕಳ ಸಾವು ಒಂದರ ಹಿಂದೊಂದು ಬಂದೆರಗುತ್ತವೆ. ನೋವಿಗೂ ಸಿಟ್ಟಿಗೂ ಅವನಿಗೆ ಉಳಿದ ಮಾತು ದುಡಿ ಒಂದೇ.

ಬಿ.ವಿ. ಕಾರಂತರು 1975ರಲ್ಲಿ ಇದನ್ನು ಚಿತ್ರವಾಗಿಸಿದಾಗ ಕಾದಂಬರಿಗೆ ಎಂದೂ ಸಾಧ್ಯವಾಗದ ಒಂದು ಕೆಲಸ ನಡೆಯಿತು. ಪುಸ್ತಕದಲ್ಲಿ ‘ದುಡಿ ಬಾರಿಸಿದ’ ಎಂದು ಬರೆಯಬಹುದು, ಆ ಸದ್ದನ್ನು ಬಣ್ಣಿಸಬಹುದು. ಚಿತ್ರದಲ್ಲಿ ದುಡಿ ಕೇಳಿಸುತ್ತದೆ. ರಂಗಸಂಗೀತದಲ್ಲಿ ಪಳಗಿದ ಕಾರಂತರಿಗೆ ಆ ಒಂದು ವಾದ್ಯದ ಏರಿಳಿತದಲ್ಲೇ ಮಾತು ಆಡಿಸುವುದು ಗೊತ್ತಿತ್ತು. ಎಂ.ವಿ. ವಾಸುದೇವರಾಯರ ಬತ್ತಿದ ಮೈ, ಗುಳಿಬಿದ್ದ ಕಣ್ಣು ಆ ಸದ್ದಿಗೆ ಜೊತೆಯಾದವು. ಚಿತ್ರಕ್ಕೆ ಸ್ವರ್ಣಪದಕವೂ, ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಸಂದವು.

ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು. ‘ಚೋಮನ ದುಡಿ’ ಪ್ರಕಟವಾದಾಗ ಚೋಮನಂಥವರಿಗೆ ಶಾಲೆಯ ಬಾಗಿಲೇ ತೆರೆದಿರಲಿಲ್ಲ. ತಮ್ಮ ಕುರಿತೇ ಬರೆದ ಕಾದಂಬರಿಯನ್ನು ಅವರು ಓದುವಂತಿರಲಿಲ್ಲ. ಚಿತ್ರ ಬಂದ ಎಪ್ಪತ್ತರ ದಶಕದಲ್ಲೂ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು ಜನ ಅಕ್ಷರ ಬಾರದವರು. ‘ಕಾದಂಬರಿಯೇ ಮೇಲು’ ಎಂಬ ತೀರ್ಪು ಓದು ಬಲ್ಲವರ ತೀರ್ಪು. ಓದು ಬಾರದವರಿಗೆ ತೆರೆಯೇ ಪುಸ್ತಕ. ಅಂಥ ಚಿತ್ರಗಳು ಅವರ ಊರಿನ ಟೆಂಟಿನವರೆಗೆ ಎಷ್ಟು ತಲುಪಿದವು ಎಂಬುದು ಬೇರೆ ಪ್ರಶ್ನೆ. ಆದರೆ ತಲುಪುವ ಸಾಧ್ಯತೆಯನ್ನಾದರೂ ಅವು ತೆರೆದವು.

ಊರು ಬದಲಾದರೆ

ಮಾಲ್ಗುಡಿ ಎಂಬ ಹೆಸರು ಮಲ್ಲೇಶ್ವರ ಮತ್ತು ಬಸವನಗುಡಿ ಸೇರಿ ಆದದ್ದೆಂಬುದು ಬೆಂಗಳೂರಿನವರ ಪ್ರೀತಿಯ ಊಹೆ. ಆ ಊರನ್ನು ಸೃಷ್ಟಿಸಿದ ಆರ್.ಕೆ. ನಾರಾಯಣರ ಅನುಭವ ಇಲ್ಲಿ ಪಾಠವಾಗಬಲ್ಲದು. ಅವರ ‘ದಿ ಗೈಡ್’ (1958) ಕಾದಂಬರಿ 1965ರಲ್ಲಿ ದೇವಾನಂದ್ ಅವರ ‘ಗೈಡ್’ ಆದಾಗ ದಕ್ಷಿಣದ ಸಣ್ಣ ಊರಿನ ಕಥೆ ರಾಜಸ್ಥಾನದ ಅರಮನೆಗಳ ನಡುವೆ ಹೋಗಿ ಕುಳಿತಿತು. ಚಿತ್ರ ದೇಶವನ್ನೇ ಗೆದ್ದಿತು. ನಾರಾಯಣರು ಮಾತ್ರ ತಮ್ಮ ಮಾಲ್ಗುಡಿ ಕಾಣೆಯಾದುದರ ಬಗ್ಗೆ ವ್ಯಂಗ್ಯಭರಿತ ಲೇಖನವನ್ನೇ ಬರೆದರು.

ಅದೇ ನಾರಾಯಣರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ (1952) ಟಿ.ಎಸ್. ನಾಗಾಭರಣರ ಕೈಯಲ್ಲಿ 1983ರಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ ಆಯಿತು. ಇಂಗ್ಲಿಷಿನಲ್ಲಿ ಬರೆದಿದ್ದರೂ ಆ ಮಾರ್ಗಯ್ಯ, ಆ ಟ್ರಂಕು, ಬ್ಯಾಂಕಿನೆದುರಿನ ಆ ಮರದ ನೆರಳು ನಮ್ಮ ಕಡೆಯವೇ. ಲೋಕೇಶ್ ಆ ಪಾತ್ರದಲ್ಲಿ ಕನ್ನಡ ಮಾತಾಡಿದಾಗ ಅದು ಅನುವಾದವೆನಿಸಲಿಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯನ್ನು ಆರಿಸಿಕೊಂಡಾಗಲೂ ಇದೇ ನಡೆಯಿತು. ಕಥೆಯ ಘಟನೆಗಳನ್ನು ಉಳಿಸಿಕೊಂಡು ಊರನ್ನು ಬಿಟ್ಟುಬಿಟ್ಟರೆ ಕಥೆ ಉಳಿಯುತ್ತದೆ, ಅದರ ನುಡಿ ಹೋಗುತ್ತದೆ ಎಂಬುದಕ್ಕೆ ಈ ಉದಾಹರಣೆಗಳು ಸಾಕು.

ಕಥೆಯೊಡನೆ ಜಗಳ

ಕೃತಿಗೆ ನಿಷ್ಠೆ ಎಂದರೇನು ಎಂಬ ಪ್ರಶ್ನೆಯನ್ನು ಬೇರೆಯೇ ದಿಕ್ಕಿನಿಂದ ಕೆದಕಿದವರು ಗಿರೀಶ ಕಾಸರವಳ್ಳಿ. ಅವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ್ದು. ಗರ್ಭಿಣಿಯಾದ ಬಾಲವಿಧವೆ ಯಮುನಕ್ಕನ ದುರಂತವನ್ನು ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಿನಿಂದ ನೋಡುವ ಕ್ರಮವನ್ನು ಅವರು ಉಳಿಸಿಕೊಂಡರು. ಆ ಚಿತ್ರ ಅವರಿಗೆ ಸ್ವರ್ಣಕಮಲ ತಂದಿತು.

ಮುಂದಿನ ದಿನಗಳಲ್ಲಿ ಅವರು ಮೂಲದಿಂದ ದೂರ ಸರಿಯುವ ಧೈರ್ಯ ತೋರಿದರು. ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ (1968) ಪುನರ್ಜನ್ಮದ ನಂಬಿಕೆಯ ಸುತ್ತ ಹೆಣೆದ ಕಾದಂಬರಿ. ಸತ್ತ ಮಗನೇ ಬೇರೊಂದು ಮನೆಯಲ್ಲಿ ಹುಟ್ಟಿ ಬಂದಿದ್ದಾನೆಂದು ಮನೆಯವರು ನಂಬುತ್ತಾರೆ. ಹಾಗಾದರೆ ವಿಧವೆಯಾಗಿರುವ ಸೊಸೆಗೆ ಆ ತರುಣ ಯಾರು? ಕಾಸರವಳ್ಳಿಯವರ 2006ರ ಚಿತ್ರ ಪುನರ್ಜನ್ಮ ನಿಜವೋ ಸುಳ್ಳೋ ಎಂಬ ವಾದವನ್ನು ಹಿಂದಕ್ಕೆ ಸರಿಸಿ, ಆ ಸೊಸೆಯ ಮುಖದ ಮೇಲೆ ಬೆಳಕು ಚೆಲ್ಲಿತು. ಅತ್ತೆ, ಸೊಸೆ, ಮಗಳು ಈ ಮೂವರು ಹೆಂಗಸರು ಒಂದೇ ಘಟನೆಯನ್ನು ಮೂರು ರೀತಿಯಲ್ಲಿ ಅನುಭವಿಸುವುದೇ ಚಿತ್ರವಾಯಿತು. ಕಥೆ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು. ಕಾದಂಬರಿಯನ್ನು ಮೆಚ್ಚಿದವರಿಗೆ ಇದು ಅಪಚಾರವೆನಿಸಬಹುದು. ಇನ್ನು ಕೆಲವರಿಗೆ ಮೂಲದಲ್ಲೇ ಅಡಗಿದ್ದ ಪ್ರಶ್ನೆಯೊಂದು ಹೊರಬಂತೆನಿಸಬಹುದು.

ವೈದೇಹಿಯವರ ಕಥೆಯನ್ನು ಆಧರಿಸಿದ ‘ಗುಲಾಬಿ ಟಾಕೀಸ್’ (2008) ಇನ್ನೂ ಮುಂದಕ್ಕೆ ಹೋಯಿತು. ಕರಾವಳಿಯ ಸಣ್ಣ ಊರಿಗೆ ಸಿನಿಮಾ ಟಾಕೀಸು ಬಂದಾಗ ಹೆಂಗಸರ ಬದುಕಿನಲ್ಲಿ ಏಳುವ ಸಣ್ಣ ಅಲೆಗಳು ಮೂಲ ಕಥೆಯ ವಸ್ತು. ಚಿತ್ರದಲ್ಲಿ ಟಾಕೀಸಿನ ಜಾಗಕ್ಕೆ ಬಂದದ್ದು ಡಿಶ್ ಆಂಟೆನಾ ಹೊತ್ತ ಟೀವಿ. ಕಾಲ ತೊಂಬತ್ತರ ದಶಕದ ಕೊನೆ. ನಾಯಕಿ ಮುಸ್ಲಿಂ ಸೂಲಗಿತ್ತಿ. ಕಾರ್ಗಿಲ್ ಯುದ್ಧದ ದಿನಗಳು, ಮೀನುಗಾರಿಕೆಯ ಪೈಪೋಟಿ, ಮತಗಳ ನಡುವಿನ ಬಿರುಕು ಕಥೆಯೊಳಗೆ ಬಂದವು. ಉಮಾಶ್ರೀ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಮೂಲದ ಘಟನೆಗಳನ್ನು ಹುಡುಕುತ್ತ ಹೋದವರಿಗೆ ಇಲ್ಲಿ ಸಿಗುವುದು ಕಡಿಮೆ. ಆದರೆ ಹೊಸದೊಂದು ತೆರೆ ಊರಿಗೆ ಬಂದಾಗ ಹೆಂಗಸರಿಗೆ ತೆರೆದುಕೊಳ್ಳುವ ಕಿಂಡಿ, ಆ ಕಿಂಡಿಯಿಂದ ಒಳಬರುವ ಗಾಳಿ, ಇದು ಎರಡರಲ್ಲೂ ಇದೆ.

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ಅದರ ಅಭಿನಯಕ್ಕೆ ತಾರಾ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಬಾನು ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಜಗತ್ತು ಅವರತ್ತ ತಿರುಗಿ ನೋಡಿತು. ಕನ್ನಡದ ತೆರೆ ಆ ಕೆಲಸವನ್ನು ಎರಡು ದಶಕ ಮೊದಲೇ ಮಾಡಿತ್ತು.

ತುಲನೆ ಹೇಗೆ?

ಇಷ್ಟೆಲ್ಲ ನೋಡಿದ ಮೇಲೆ ‘ಯಾವುದು ಮೇಲು’ ಎಂಬ ಪ್ರಶ್ನೆ ಅಷ್ಟು ಉಪಯುಕ್ತವಲ್ಲ ಎನಿಸುತ್ತದೆ. ಅದರ ಬದಲು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಒಂದು, ಚಿತ್ರ ಏನನ್ನು ಬಿಟ್ಟಿತು, ಬಿಟ್ಟದ್ದು ಕಾಲದ ಅಭಾವದಿಂದಲೋ ಅಂಜಿಕೆಯಿಂದಲೋ? ಎರಡು, ಕಥೆಯನ್ನು ಈಗ ಯಾರ ಕಣ್ಣಿನಿಂದ ನೋಡಲಾಗುತ್ತಿದೆ? ಮೂರು, ಅಕ್ಷರದಲ್ಲಿ ಸಾಧ್ಯವಿಲ್ಲದ ಯಾವುದನ್ನು ಚಿತ್ರ ಗಳಿಸಿಕೊಟ್ಟಿತು? ‘ನಾಗರಹಾವು’ ಮೊದಲ ಪ್ರಶ್ನೆಗೆ ಸಿಕ್ಕಿಬೀಳಬಹುದು, ‘ನಾಯಿ ನೆರಳು’ ಎರಡನೆಯದಕ್ಕೆ ಉತ್ತರ ಕೊಡುತ್ತದೆ, ‘ಚೋಮನ ದುಡಿ’ ಮೂರನೆಯದಕ್ಕೆ. ಘಟನೆಗಳನ್ನು ಒಂದೊಂದಾಗಿ ಎಣಿಸಿ ‘ಅದಿಲ್ಲ, ಇದಿಲ್ಲ’ ಎನ್ನುವುದು ತುಲನೆಯಲ್ಲ, ದಾಸ್ತಾನಿನ ಲೆಕ್ಕ.

ಕೊನೆಯದಾಗಿ ಒಂದು ಕಾಳಜಿಯ ಮಾತು. ಕಾದಂಬರಿಗಳು ಹೇಗೋ ಉಳಿಯುತ್ತವೆ. 1933ರ ‘ಚೋಮನ ದುಡಿ’ಯನ್ನು ಇಂದಿಗೂ ಕೊಂಡು ಓದಬಹುದು. ಚಿತ್ರಗಳ ಗತಿ ಹಾಗಲ್ಲ. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಫಿಲ್ಮು ಬೂಷ್ಟು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ, ಬಣ್ಣಗೆಡುತ್ತದೆ. ‘ಘಟಶ್ರಾದ್ಧ’ವನ್ನು ಜತನದಿಂದ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು ಸಂತೋಷದ ಸಂಗತಿ. ಆದರೆ ಅಂಥ ಭಾಗ್ಯ ಎಷ್ಟು ಕನ್ನಡ ಚಿತ್ರಗಳಿಗೆ ಸಿಕ್ಕೀತು? ತ್ರಿವೇಣಿಯವರ ಕಾವೇರಿಯನ್ನೂ ಕಲ್ಪನಾ ಅವರ ಕಾವೇರಿಯನ್ನೂ ಮುಂದಿನವರು ಅಕ್ಕಪಕ್ಕ ಇಟ್ಟು ನೋಡಬೇಕಾದರೆ ಎರಡೂ ಉಳಿದಿರಬೇಕು.

ಪೂರ್ಣಚಂದ್ರ ತೇಜಸ್ವಿಯವರ ಸಣ್ಣ ಕಥೆಯನ್ನು ಆಧರಿಸಿ 2023ರಲ್ಲಿ ಹೊಸಬರು ಮಾಡಿದ ‘ಡೇರ್‌ಡೆವಿಲ್ ಮುಸ್ತಾಫಾ’ ಯುವಕರನ್ನು ಚಿತ್ರಮಂದಿರಕ್ಕೆ ಕರೆತಂದಿತು. ಕಾದಂಬರಿಯಿಂದ ಚಿತ್ರಕ್ಕೆ ಹೋಗುವ ದಾರಿ ಹಳೆಯದು. ಚಿತ್ರ ಮುಗಿದ ಮೇಲೆ ಪುಸ್ತಕದಂಗಡಿಗೆ ಮರಳುವ ದಾರಿಯನ್ನೂ ತೆರೆದಿಡುವ ಕೆಲಸ ಓದುಗರದು, ಮನೆಯ ಹಿರಿಯರದು, ಶಾಲೆಗಳದು. ‘ಪುಸ್ತಕ ಇನ್ನೂ ಚೆನ್ನಾಗಿದೆ’ ಎಂದು ಹೇಳುವವರು ಆ ಮಾತಿನ ಜೊತೆಗೆ ಪುಸ್ತಕವನ್ನೂ ಕೈಗಿಟ್ಟರೆ ಅದಕ್ಕೊಂದು ಅರ್ಥ ಬಂದೀತು.